ಹಿತ್ತಲ ಕಟ್ಟೆಯ ಗಂಜಿ

ತಿನ್ನುವುದಕ್ಕೂ ಒಂದು ಸಂಘ ಹುಟ್ಟಿದೆ ಎಂದು ಕೇಳಿದಾಗ ಸದಾಶಿವಪ್ಪನಿಗೆ ಬಾಯಲ್ಲಿದ್ದ ರೊಟ್ಟಿ ನೆತ್ತಿಗೇರುವಷ್ಟು ನಗು ಬಂತು.

"ಹಳೆ ಊಟದ ಕೂಟವಾ? ಹೊಸ ಊಟಕ್ಕೇ ಜನ ಬಾಯಿ ಬಿಡ್ತಾರೆ, ಇವರಿಗೆ ಹಳೇದರ ಚಿಂತೆ!"

"ನಗಬ್ಯಾಡ್ರೀ," ಎಂದಳು ನೀಲಾಂಬಿಕ, ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತ. "ಬ್ಲಾಕ್ ಆಫೀಸರ ಹೆಂಡತಿ ವನಜಮ್ಮ ಶುರು ಮಾಡಿದ್ದು. ಮಹಿಳಾ ಸಮಾಜದಾಗೆ ತಿಂಗಳಿಗೊಂದು ಸಲ ಸೇರ್ತಾರೆ. ಯಾವ ಅಡಿಗೆ ಯಾರ ಮನೆಗೆ ಎಲ್ಲಿಂದ ಬಂತು ಅಂತ ಮಾತಾಡ್ತಾರೆ. ಶಕುಂತಲಮ್ಮನೂ ಬರ್ತಾರೆ."

ಶಕುಂತಲಮ್ಮನ ಹೆಸರು ಕೇಳಿದ್ದೇ ತಡ, ಸದಾಶಿವಪ್ಪನ ನಗು ನಿಂತಿತು. ಸೊರಬದ ಮಹೇಶ್ವರಪ್ಪನವರ ಮಗನಿಗೆ ಮಗಳು ಸರ್ವಮಂಗಳೆಯನ್ನು ಕೊಡುವ ಮಾತು ನಡೆಯುತ್ತಿತ್ತು. ಹುಡುಗ ಹೈಸ್ಕೂಲು ಮೇಷ್ಟ್ರು, ಮನೆಯಲ್ಲಿ ಗದ್ದೆ ಇತ್ತು, ಮಾತು ಮೆತ್ತಗೆ. ಮಹೇಶ್ವರಪ್ಪನವರ ತಂಗಿಯೇ ಈ ಶಕುಂತಲಮ್ಮ. ಶಿಕಾರಿಪುರಕ್ಕೆ ಮದುವೆಯಾಗಿ ಬಂದು ಇಲ್ಲೇ ಬೇರು ಬಿಟ್ಟಾಕೆ. ಅವಳು ಹೂಂ ಎಂದರೆ ಅಣ್ಣ ಹೂಂ ಎನ್ನುತ್ತಾನೆ, ಅವಳು ಮೂಗು ಮುರಿದರೆ ಅಣ್ಣನಿಗೆ ನೆಗಡಿ ಎಂದು ಪೇಟೆಯಲ್ಲಿ ಮಾತಿತ್ತು. ನೀಲಾಂಬಿಕ ಕೂಟಕ್ಕೆ ಸೇರಿದ್ದು ಊಟದ ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

"ಈ ಸಲ ಏನಂತೆ?" ಎಂದ ಸದಾಶಿವಪ್ಪ.

"ಬ್ಯಾರೆ ಯಾರ ಮನ್ಯಾಗೂ ಮಾಡದ ಅಡಿಗೆ ಮಾಡಿಕೊಂಡು ಬರಬೇಕಂತೆ. ಅದರ ಕಥೆ ಗೊತ್ತಿರೋ ಹಿರಿಯರೂ ಜತೆಗೆ ಬರಬೇಕಂತೆ. ನಾನು ನಮ್ಮನೆ ಗಂಜಿ ಒಯ್ತೀನಿ."

"ಗಂಜಿ! ಬೀಗರಾಗೋರ ಮುಂದೆ ಗಂಜಿ ಹೊತ್ತುಕೊಂಡು ಹೋಗ್ತೀಯಾ? ಕರಿಗಡುಬು ಮಾಡು, ಶಾವಿಗೆ ಪಾಯಸ ಮಾಡು."

"ಕರಿಗಡುಬು ಎಲ್ಲರ ಮನ್ಯಾಗೂ ಮಾಡ್ತಾರೆ. ಈ ಗಂಜಿ ನಮ್ಮನ್ಯಾಗೆ ಬಿಟ್ಟರೆ ಎಲ್ಲೂ ಇಲ್ಲ."

ಅದು ನಿಜವೇ. ಪ್ರತಿ ವರ್ಷ ದೀಪಾವಳಿ ಕಳೆದ ಮೊದಲ ಸೋಮವಾರ ಆ ಮನೆಯಲ್ಲಿ ಅಕ್ಕಿನುಚ್ಚಿಗೆ ಗಣಕೆ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಉಪ್ಪು ಹಾಕಿದ ಗಂಜಿ ಬಿಟ್ಟರೆ ಬೇರೇನೂ ಬೇಯುತ್ತಿರಲಿಲ್ಲ. ಮಾಡುವವಳು ಅತ್ತೆ ಹಾಲಮ್ಮನೇ. ಸೊಸೆಯನ್ನು ಆವತ್ತು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಮೊದಲ ಸೌಟು ಗಂಜಿಯನ್ನು ಒಂದು ಬಟ್ಟಲಿಗೆ ಹಾಕಿ ಹಿತ್ತಲ ಕಟ್ಟೆಯ ಮೇಲಿಟ್ಟು ಬಂದ ಮೇಲೆಯೇ ಮನೆಯವರಿಗೆ ಬಡಿಸುತ್ತಿದ್ದಳು. ಹಿರಿಯರಿಗೆ ಇಡುವ ಎಡೆ ಎಂದು ಎಲ್ಲರೂ ತಿಳಿದಿದ್ದರು. ಯಾವ ಹಿರಿಯರಿಗೆ ಎಂದು ಯಾರೂ ಕೇಳಿರಲಿಲ್ಲ.

ಹಾಲಮ್ಮ ನಡುಮನೆಯ ಕಂಬಕ್ಕೊರಗಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಕೈ ನಿಲ್ಲಿಸದೆ ಹೇಳಿದಳು: "ಅದು ಉಣ್ಣೋ ಗಂಜಿ, ನೀಲಾ. ಸಭೆಯಾಗೆ ಮಾತಾಡೋ ಗಂಜಿ ಅಲ್ಲ."

"ನಾಕು ಮಾತು ಹೇಳಿದರೆ ಆತು ಅತ್ತೆ. ನಮ್ಮ ಮಂಗಳನ ಸಲುವಾಗಿ ಬರ್ರಿ."

"ಬಂದ ಮ್ಯಾಲೆ ಕೇಳ್ತಾರೆ. ಕೇಳಿದರೆ ನನಗೆ ಸುಳ್ಳು ಹೇಳಾಕೆ ಬರಾಂಗಿಲ್ಲ."

"ಗಂಜಿಗೆ ಸುಳ್ಳು ಯಾಕ್ರೀ ಬೇಕು?" ಎಂದು ನೀಲಾಂಬಿಕ ನಕ್ಕಳು. ಆ ನಗು ಮುಂದೆ ಎಷ್ಟು ದಿನ ಅವಳನ್ನು ಮುಳ್ಳಾಗಿ ಚುಚ್ಚಿತೋ ಅವಳಿಗೇ ಗೊತ್ತು.

ಸಂಕ್ರಾಂತಿ ಕಳೆದ ಶನಿವಾರ ಮಹಿಳಾ ಸಮಾಜದ ಹಜಾರದಲ್ಲಿ ಜಮಖಾನ ಹಾಸಿತ್ತು. ತಂಬಿಟ್ಟು, ಹೆಸರಿನ ಉಸುಳಿ, ಹಲಸಿನ ಹಪ್ಪಳ, ಯಾರದೋ ತವರಿನ ಕೆಂಪು ಸಕ್ಕರೆಯ ಹೋಳಿಗೆ ಎಲ್ಲ ಸಾಲಾಗಿ ಕೂತಿದ್ದವು. ನಡುವೆ ನೀಲಾಂಬಿಕ ತಂದ ಗಂಜಿಯ ಪಾತ್ರೆ, ಪಕ್ಕದಲ್ಲಿ ಮೊಮ್ಮಗಳ ಸಲುವಾಗಿ ಒಲ್ಲದ ಮನಸ್ಸಿನಿಂದ ಬಂದ ಹಾಲಮ್ಮ. ಮೊದಲು ಯಾರೂ ಅದರ ಕಡೆ ಕಣ್ಣೆತ್ತಿ ನೋಡಲಿಲ್ಲ. ಸಿಹಿ ತಿಂದು ಬಾಯಿ ಕಟ್ಟಿದ ಮೇಲೆ ಒಬ್ಬಳು ದೊನ್ನೆಗೆ ಹಾಕಿಸಿಕೊಂಡಳು, ಅವಳನ್ನು ನೋಡಿ ಇನ್ನೊಬ್ಬಳು. ಕಡೆಗೆ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು. ಶಕುಂತಲಮ್ಮ ಎರಡನೇ ಸಲ ದೊನ್ನೆ ಚಾಚಿದಾಗ ನೀಲಾಂಬಿಕಳಿಗೆ ಮಗಳ ಕೊರಳಲ್ಲಿ ತಾಳಿ ಕಂಡಂತಾಯಿತು.

"ಅಜ್ಜಿ, ಇದು ನಿಮ್ಮ ಮನೆಗೆ ಎಲ್ಲಿಂದ ಬಂತು? ನಿಮ್ಮತ್ತೆ ಕಲಿಸಿದ್ದಾ?" ಎಂದು ವನಜಮ್ಮ ಕೇಳಿದಳು.

ಹಾಲಮ್ಮ ಸೆರಗು ಸರಿಮಾಡಿಕೊಂಡಳು. "ಇಲ್ಲ ತಾಯಿ. ನಮ್ಮತ್ತೆ ಇದನ್ನ ಕಂಡವರಲ್ಲ. ಜರ್ಮನಿ ಯುದ್ಧ ಮುಗಿಯೋ ವರ್ಷ ಜ್ವರ ಬಂತಲ್ಲ, ಮನೆ ಮನೆಯೇ ಮಲಗಿಬಿಡ್ತು. ಆಗ ನಾವು ಕುಬಟೂರಾಗೆ ಇದ್ವಿ. ದೀಪಾವಳಿಗೆ ದೀಪ ಹಚ್ಚೋರಿಲ್ಲ. ನಮ್ಮ ಮಾವ ಹೋದರು, ಮಾರನೇ ದಿನ ಅತ್ತೆ ಹೋದರು. ನಾನು, ನನ್ನ ಗಂಡ, ಎರಡು ವರ್ಷದ ನನ್ನ ಮಗ, ಮೂವರೂ ನೆಲ ಹಿಡಿದಿದ್ವಿ. ಒಲೆ ಹಚ್ಚೋರಿಲ್ಲ, ಒಂದು ಹನಿ ನೀರು ಬಿಡೋರಿಲ್ಲ. ನಮ್ಮ ಕುಲಸ್ಥರು ಬಾಗಿಲ ತನಕ ಬಂದು ಮೂಗು ಮುಚ್ಚಿಕೊಂಡು ಹೋದರು."

"ಅಯ್ಯೋ," ಎಂದಳು ಒಬ್ಬಳು.

"ಆಗ ಊರಾಚೆ ಕೇರಿಯ ಸುಂಕಲಮ್ಮ ಬಂದಳು. ನಮ್ಮ ಗದ್ದೆ ಕೆಲಸಕ್ಕೆ ಬರ್ತಿದ್ದಳು, ನನ್ನ ವಾರಿಗೆಯವಳೇ. ಅವಳ ಮನೆ ನುಚ್ಚು, ಅವಳ ಹಿತ್ತಲ ಸೊಪ್ಪು, ಅವಳ ಮನೆ ಮಡಕೆ. ಹೊಸ್ತಿಲಾಗೆ ನಿಂತು, ಅವ್ವಾರೆ ಒಳಗೆ ಬರ್ಲಾ ಅಂತ ಕೇಳಿದಳು. ಉತ್ತರ ಕೊಡಾಕೆ ನನಗೆ ಉಸಿರಿರಲಿಲ್ಲ. ಬಂದಳು. ಮೊದಲು ನನ್ನ ಮಗನ ಬಾಯಿಗೆ ಹಾಕಿದಳು, ಆಮ್ಯಾಲೆ ನಮಗೆ. ನಾವು ಎದ್ದು ಕೂರೋ ತನಕ ದಿನಾ ಬಂದಳು. ಆ ಗಂಜಿನೇ ಇದು. ನಮ್ಮನ್ನ ಉಳಿಸಿದ ಗಂಜಿ."

ಹಾಲಮ್ಮ ಹೇಳಿದ್ದು ದೇವರ ಹೆಸರು ಹೇಳುವಂಥ ದನಿಯಲ್ಲಿ. ಶಕುಂತಲಮ್ಮ ಕೈಯಲ್ಲಿದ್ದ ದೊನ್ನೆಯನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೊರಗೆ ಹೋದಳು. ಬಾವಿಕಟ್ಟೆಯ ಹತ್ತಿರ ಅವಳು ಬಾಯಿ ಮುಕ್ಕಳಿಸಿ ಉಗುಳುವ ಸದ್ದು ಎಲ್ಲರಿಗೂ ಕೇಳಿಸಿತು. ಅವಳ ಹಿಂದೆ ಇನ್ನಿಬ್ಬರು ಎದ್ದರು. ವನಜಮ್ಮ ಹೋಳಿಗೆ ತಂದವರ ಕಡೆ ತಿರುಗಿ, "ನಿಮ್ಮದು ಹೇಳಿ," ಎಂದಳು.

ಸೊರಬದಿಂದ ಮಾತು ಬರಲು ವಾರ ಹಿಡಿಯಲಿಲ್ಲ. ಹುಡುಗನ ಜಾತಕಕ್ಕೆ ಈ ವರ್ಷ ಕೂಡಿ ಬರುವುದಿಲ್ಲವಂತೆ. ಜಾತಕ ನೋಡುವ ಪದ್ಧತಿಯೇ ಇಲ್ಲದ ಮನೆಗೆ ಜಾತಕ ಎಲ್ಲಿಂದ ಬಂತೆಂದು ಕೇಳುವ ಧೈರ್ಯ ಸದಾಶಿವಪ್ಪನಿಗಿರಲಿಲ್ಲ. ಅಂಗಡಿಯಿಂದ ಹೊತ್ತಿಗೆ ಮುಂಚೆ ಬಂದು ತಾಯಿಯ ಮುಂದೆ ನಿಂತ.

"ಅವ್ವ, ಯಾಕೆ ಹೇಳಿದೆ? ಇಷ್ಟು ವರ್ಷ ನನಗೇ ಹೇಳಿರಲಿಲ್ಲ, ಊರ ಹೆಂಗಸರ ಮುಂದೆ ಹೇಳಿದ್ಯಲ್ಲ!"

"ನೀನು ಕೇಳಿದ್ಯಾ? ನಿಮ್ಮಪ್ಪ ಇರೋ ತನಕ ಸುಗ್ಗಿಗೆ ಸುಂಕಲಿಗೆ ತಾವೇ ನಿಂತು ಭತ್ತ ಅಳೆದು ಕೊಡೋರು. ಯಾಕೆ ಅಂತ ಒಂದು ದಿನ ಕೇಳಿದ್ಯಾ?"

"ಕೂಲಿ ಅಂದುಕೊಂಡಿದ್ದೆ."

"ಕೂಲಿ," ಎಂದಳು ಹಾಲಮ್ಮ. "ಹೂಂ. ನಿನ್ನ ಜೀವದ ಕೂಲಿ."

"ಆ ಜೀವ ಹೋಗಿದ್ದರೆ ಚಂದಿತ್ತು! ಮಗಳನ್ನ ಮನ್ಯಾಗೆ ಕೂರಿಸಿಕೊಳ್ಳೋದಾದರೂ ತಪ್ತಿತ್ತು!"

ಅವನು ಕೂಗಿದ್ದು ನಡುಮನೆಯಲ್ಲಿ. ಜಾತಿ ಇಲ್ಲ, ಕುಲ ಇಲ್ಲ ಎಂದು ಸಾರಿದ ಶರಣರ ಪಟ ಅವನ ತಲೆಯ ಮೇಲೇ ತೂಗುತ್ತಿತ್ತು. ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚಿ ಕೈ ಮುಗಿಯುವವನೂ ಅವನೇ. ಪಟಕ್ಕೆ ಕೈ ಮುಗಿಯುವುದು ಸುಲಭ, ಪಟದಲ್ಲಿರುವವರು ಮಗಳಿಗೆ ಗಂಡು ಹುಡುಕಿ ಕೊಡುವುದಿಲ್ಲವಲ್ಲ.

ಅಂದಿನಿಂದ ಸದಾಶಿವಪ್ಪ ತಾಯಿಯ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ. ಅವನು ಉಂಡೆದ್ದ ಮೇಲೆ ಹಾಲಮ್ಮ ಒಬ್ಬಳೇ ಕೂತು ಅರ್ಧ ರೊಟ್ಟಿ ಮುರಿದು ನೀರು ಕುಡಿದು ಏಳುತ್ತಿದ್ದಳು. ಸರ್ವಮಂಗಳೆ ಬಟ್ಟೆ ಒಗೆಯುತ್ತ ಅಳುವಳು, ಕಸ ಗುಡಿಸುತ್ತ ಅಳುವಳು. ಒಂದು ದಿನ ಅಜ್ಜಿಗೆ ಬಡಿಸುತ್ತ ಕೇಳಿಯೇ ಬಿಟ್ಟಳು:

"ಅಜ್ಜಿ, ನಿನಗೆ ನಾನು ಬೇಕೋ, ಆ ಸುಂಕಲಮ್ಮ ಬೇಕೋ?"

ಹಾಲಮ್ಮ ಕೈಯಲ್ಲಿದ್ದ ತುತ್ತನ್ನು ಹಾಗೇ ತಟ್ಟೆಯಲ್ಲಿಟ್ಟಳು.

ನೀಲಾಂಬಿಕ ಎಲ್ಲ ಬಿಟ್ಟು ಶಕುಂತಲಮ್ಮನ ಮನೆಯ ಮೆಟ್ಟಿಲು ಹತ್ತಿದಳು. ಆಕೆ ಕೆಟ್ಟವಳೇನಲ್ಲ. ಕಾಫಿ ಕೊಟ್ಟಳು, ಪಕ್ಕದಲ್ಲೇ ಕೂರಿಸಿಕೊಂಡಳು.

"ನೋಡಿ ನೀಲಾಂಬಿಕ, ನನಗೂ ಹುಡುಗಿ ಒಪ್ಪಿಗೆ. ನಮ್ಮಣ್ಣನಿಗೂ ಒಪ್ಪಿಗೆ. ಆದರೆ ಅಷ್ಟು ಜನರ ಮುಂದೆ ಆಡಿದ ಮಾತು. ನಾಳೆ ಲಗ್ನದ ಪಂಕ್ತಿಯಲ್ಲಿ ನಮ್ಮ ಕಡೆಯವರು ಎಲೆ ಬಿಟ್ಟು ಎದ್ದರೆ ಏನು ಮಾಡೋಣ? ಅಷ್ಟು ಜನರ ಮುಂದೆಯೇ ನಿಮ್ಮತ್ತೆ ಒಂದು ಮಾತು ಹೇಳಲಿ. ವಯಸ್ಸಾಯ್ತು, ಮರೆವು, ಯಾರದೋ ಮನೆಯ ಕಥೆ ನಮ್ಮದು ಅಂದುಬಿಟ್ಟೆ ಅಂತ. ಆಮೇಲೆ ನಾನು ನೋಡಿಕೊಳ್ತೀನಿ."

ಮನೆಗೆ ಬಂದ ನೀಲಾಂಬಿಕ ಅತ್ತೆಯ ಎದುರು ಮೊರ ಇಟ್ಟುಕೊಂಡು ಕೂತಳು. ಬೇಳೆಯಲ್ಲಿ ಕಲ್ಲಿರಲಿಲ್ಲ, ಆದರೂ ಆರಿಸಿದಳು.

"ಅತ್ತೆ, ಒಂದೇ ಒಂದು ಮಾತು."

"ಹೇಳಿಕೊಟ್ಟು ಕಳಿಸಿದರಾ?"

"ನಿಮ್ಮ ಕಾಲು ಹಿಡೀತೀನಿ. ನಾನೇ ಕರಕೊಂಡು ಹೋಗಿ ಹಾಳು ಮಾಡಿದೆ. ನನ್ನ ಮಗಳು ನನ್ನ ಮುಖ ನೋಡ್ತಿಲ್ಲ. ಸುಂಕಲಮ್ಮ ಕುಬಟೂರಾಗೆ ಇದ್ದಾಳೆ, ಅವಳಿಗೆ ಇದು ಕೇಳಿಸೋದೂ ಇಲ್ಲ. ಅವಳಿಗೇನು ಕಮ್ಮಿ ಆಗ್ತೈತೆ?"

ಹಾಲಮ್ಮ ಮೊರದಿಂದ ಒಂದು ಬೇಳೆ ಎತ್ತಿ ನೋಡಿ ಮತ್ತೆ ಅದರಲ್ಲೇ ಹಾಕಿದಳು. "ಅವಳಿಗೆ ಕಮ್ಮಿ ಏನಾಗಾಕಿಲ್ಲ," ಎಂದಳು ಕಡೆಗೆ. "ನನಗೇ. ಇರಲಿ ಬಿಡು. ಮಂಗಳನ ಮುಖ ನೋಡಾಕೆ ಆಗವಲ್ದು. ಹೇಳ್ತೀನಿ."

ಮುಂದಿನ ಕೂಟದಲ್ಲಿ ಅವಳು ಹೇಳಿದಳು. ಹೇಳಿಕೊಟ್ಟದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಡಿಮೆಯಿಲ್ಲ. "ನನಗೆ ಮರೆವು. ಅದು ಯಾರದೋ ಮನೆ ಕಥೆ. ಗಂಜಿ ನಮ್ಮನೇದೇ, ನಮ್ಮತ್ತೆ ಕಲಿಸಿದ್ದು." ಹೆಂಗಸರು ಹಗುರಾಗಿ ನಕ್ಕರು. "ವಯಸ್ಸಾದ ಮೇಲೆ ಹಾಗೇ," ಎಂದಳು ಶಕುಂತಲಮ್ಮ, ಮತ್ತು ಎಲ್ಲರಿಗೂ ಕಾಣುವಂತೆ ಹಾಲಮ್ಮನ ಪಕ್ಕ ಬಂದು ಕೂತು ಅವಳ ಕೈಯಿಂದಲೇ ಒಂದು ತಂಬಿಟ್ಟಿನುಂಡೆ ತೆಗೆದುಕೊಂಡು ತಿಂದಳು. ನೀಲಾಂಬಿಕಳಿಗೆ ಸಂತೋಷದಿಂದ ಕಣ್ಣು ತುಂಬಿತು. ದಾರಿಯಲ್ಲಿ ಅತ್ತೆ ಒಂದೂ ಮಾತಾಡಲಿಲ್ಲ ಎಂಬುದು ಮನೆ ಮುಟ್ಟಿದ ಮೇಲೆ ಅವಳ ಗಮನಕ್ಕೆ ಬಂತು.

ವೈಶಾಖಕ್ಕೆ ಲಗ್ನ ನಿಂತಿತು. ಅಂಗಳದ ತುಂಬ ಹಪ್ಪಳ, ಸಂಡಿಗೆ. ಸದಾಶಿವಪ್ಪ ಮತ್ತೆ ತಾಯಿಯ ಪಕ್ಕ ಊಟಕ್ಕೆ ಕೂರತೊಡಗಿದ, "ಅವ್ವ, ತುಪ್ಪ ಹಾಕ್ಕೋ," ಎನ್ನತೊಡಗಿದ. ಅವಳು ಹಾಕಿಕೊಳ್ಳುತ್ತಿದ್ದಳು. ಉಣ್ಣುವುದು ಮಾತ್ರ ಅರ್ಧ ರೊಟ್ಟಿಯನ್ನು ದಾಟಲಿಲ್ಲ.

ಆ ಬೇಸಿಗೆಯೂ ಸೊರಬದ ಕಾಡಿನ ಕಡೆಯಿಂದ ಕೆಟ್ಟ ಸುದ್ದಿ ಬರುತ್ತಿತ್ತು. ಕ್ಯಾಸನೂರಿನ ಸುತ್ತ ಹಿಂದಿನ ವರ್ಷ ಶುರುವಾದ ಜ್ವರ ಮತ್ತೆ ಎದ್ದಿದೆಯಂತೆ, ಮೊದಲು ಮಂಗಗಳು ಮರದಿಂದ ಬಿದ್ದು ಸಾಯುತ್ತವಂತೆ, ಆಮೇಲೆ ಮನುಷ್ಯರು. ಮಂಗನ ಕಾಯಿಲೆ ಎಂದು ಜನ ಹೆಸರಿಟ್ಟಿದ್ದರು. ಜೀಪಿನಲ್ಲಿ ಡಾಕ್ಟರುಗಳು ಓಡಾಡುತ್ತಿದ್ದರು. ಲಗ್ನದ ಮನೆಯಲ್ಲಿ ಅದನ್ನೆಲ್ಲ ಮಾತಾಡಬಾರದೆಂದು ಸದಾಶಿವಪ್ಪ ಹೇಳಿದ್ದ.

ಶಕುಂತಲಮ್ಮ ಬಂದು ಸಂಡಿಗೆ ರುಚಿ ನೋಡುತ್ತಿದ್ದ ದಿನವೇ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೀಲಾಂಬಿಕ ಹೋಗಿ ನೋಡಿದರೆ ಸುಂಕಲಮ್ಮನ ಮಗ ಮಾರಪ್ಪ. ಸುಗ್ಗಿಗೆ ಕುಬಟೂರಿನ ಗದ್ದೆಯ ಭತ್ತದ ಗಾಡಿ ಹೊಡೆದುಕೊಂಡು ಬರುವವನು ಅವನೇ. ಈಗ ಬರಿಗೈ, ಮೊಣಕಾಲ ತನಕ ಧೂಳು.

"ಅಮ್ಮಾರೆ, ಅವ್ವಾರು ಅದಾರಾ?"

"ಏನು ಮಾರಪ್ಪ?" ಎಂದು ನೀಲಾಂಬಿಕ ದನಿ ತಗ್ಗಿಸಿದಳು.

"ನಮ್ಮವ್ವ ಮಗಳ ಮನೆಗೆ ಅಂತ ಕ್ಯಾಸನೂರ ಕಡೆಗೆ ಹೋಗಿದ್ದಳು. ಅಲ್ಲೇ ಜ್ವರ ಹಿಡೀತು. ತಂಗಿ, ಭಾವ, ಎಲ್ಲಾರೂ ಮಲಗ್ಯಾರೆ. ನಾನೊಬ್ಬನೇ. ನನಗೆ ಒಲೆ ಕೆಲಸ ಬರಾಂಗಿಲ್ಲ. ಸುತ್ತಲ ಜನ ಹತ್ತಿರ ಬರವಲ್ಲರು. ಹಾಲವ್ವಾರಿಗೆ ಹೇಳು, ಅವರಿಗೆ ಗೊತ್ತಾಗ್ತೈತೆ ಅಂತ ಅವ್ವ ಅಂದಳು. ಬ್ಯಾರೆ ಏನೂ ಹೇಳಲಿಲ್ಲ."

"ಯಾರ್ರೀ ಅದು ನೀಲಾಂಬಿಕ?" ಅಂಗಳದಿಂದ ಶಕುಂತಲಮ್ಮನ ದನಿ ಬಂತು.

ಮಾರಪ್ಪ ನೀಲಾಂಬಿಕಳ ಮುಖವನ್ನೇ ನೋಡುತ್ತಿದ್ದ. ಬಾಗಿಲ ಹಿಂದೆ ಅತ್ತೆಯ ಬಳೆಯ ಸದ್ದಾದದ್ದು ನೀಲಾಂಬಿಕಳಿಗೆ ಕೇಳಿಸಿತು.

"ಯಾರೋ ಗೊತ್ತಿಲ್ಲ ಕಣ್ರೀ," ಎಂದು ಕೂಗಿ ಹೇಳಿದಳು. "ಬೇಡಾಕೆ ಬಂದಾನೆ."

ಹೇಳಿದವಳೇ ಒಳಗೆ ಹೋಗಿ ಮೊರದಲ್ಲಿ ಅಕ್ಕಿ ತಂದಳು. ಅದನ್ನು ಅವನ ಮುಂದೆ ಕಟ್ಟೆಯ ಮೇಲೆ ಸುರಿದು, "ಲಗ್ನ ಮುಗೀಲಿ ಮಾರಪ್ಪ, ಆಮ್ಯಾಲೆ ಬಾ," ಎಂದು ಪಿಸುಗುಟ್ಟಿದಳು. ಮಾರಪ್ಪ ಟವೆಲು ಬಿಚ್ಚಲಿಲ್ಲ. ತಲೆ ಬಗ್ಗಿಸಿ ಬಂದ ದಾರಿಯಲ್ಲೇ ಹೋದ. ಅಕ್ಕಿ ಕಟ್ಟೆಯ ಮೇಲೆಯೇ ಉಳಿಯಿತು, ಗುಬ್ಬಿಗಳು ಬಂದು ಕೂತವು.

ಅವಳು ಅಡಿಗೆ ಮನೆಗೆ ಬಂದಾಗ ಹಾಲಮ್ಮ ಒಲೆಗೆ ಕಟ್ಟಿಗೆ ಒಟ್ಟಿ ನುಚ್ಚು ತೊಳೆಯುತ್ತಿದ್ದಳು.

"ಅತ್ತೆ, ಏನು ಮಾಡ್ತಿದ್ದೀರಿ?"

"ಸಂಜೆ ಬಸ್ಸಿಗೆ ಹೋಗ್ತೀನಿ."

ನೀಲಾಂಬಿಕ ಸದಾಶಿವಪ್ಪನಿಗೆ ಹೇಳಿ ಕಳಿಸಿದಳು. ಅವನು ಬಂದು ಅಡಿಗೆ ಮನೆಯ ಬಾಗಿಲಿಗೆ ಅಡ್ಡ ನಿಂತ. ಅಂಗಳದಲ್ಲಿ ಬೀಗಿತ್ತಿ ಇದ್ದುದರಿಂದ ಜಗಳವೂ ಪಿಸುಮಾತಿನಲ್ಲೇ ನಡೆಯಿತು.

"ನಿನಗೆ ಹುಚ್ಚಾ ಅವ್ವ? ಆ ಜ್ವರ ತಂದು ಲಗ್ನದ ಮನೆಗೆ ಹಚ್ತೀಯಾ? ಹೋಗಿದ್ದು ಯಾರಿಗಾದರೂ ಗೊತ್ತಾದರೆ ನೀನು ಅಂದ ಸುಳ್ಳೂ ದಂಡ."

"ಅವಳೂ ಜ್ವರದ ಮನೆಗೇ ಬಂದಿದ್ದಳು ಸದಾಶಿವ. ಅವಳ ಕಂಕುಳಾಗೂ ಕೂಸಿತ್ತು."

"ಲಗ್ನ ಆಗಲಿ. ನಾನೇ ಡಾಕ್ಟರನ್ನ ಕಳಿಸ್ತೀನಿ. ಲಿಂಗದ ಮ್ಯಾಲೆ ಆಣೆ."

ಹಾಲಮ್ಮ ಸೊಸೆಯ ಕಡೆ ತಿರುಗಿದಳು. ಒಂದು ಮಾತು, ನೀಲಾಂಬಿಕ ಒಂದು ಮಾತು ಅತ್ತೆಯ ಪರವಾಗಿ ಆಡಿದ್ದರೆ ಅವನು ಬಾಗಿಲು ಬಿಡುತ್ತಿದ್ದನೋ ಏನೋ. ನೀಲಾಂಬಿಕ ಆಡಲಿಲ್ಲ. ಬಗ್ಗಿ ಒಲೆಯ ಕೊಳ್ಳಿಗಳನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದಳು.

ಲಗ್ನ ಚೆನ್ನಾಗಿಯೇ ಆಯಿತು. ಪಂಕ್ತಿಯಲ್ಲಿ ಒಬ್ಬರೂ ಎಲೆ ಬಿಟ್ಟು ಏಳಲಿಲ್ಲ. ಹೆಣ್ಣನ್ನು ಕಳಿಸಿಕೊಟ್ಟು ಬಂದ ಮೇಲೆ ಸದಾಶಿವಪ್ಪ ಮಾತಿಗೆ ತಪ್ಪದೆ, ಡಾಕ್ಟರ ಬದಲು ಅಂಗಡಿಯ ಆಳನ್ನು ಕ್ಯಾಸನೂರಿಗೆ ಕಳಿಸಿದ. ಹೋದವನು ಮರುದಿನವೇ ತಿರುಗಿ ಬಂದ. ಸುಂಕಲಮ್ಮ ತೀರಿಹೋಗಿ ಆಗಲೇ ಬಹಳ ದಿನವಾಗಿತ್ತು. ಅವಳ ಮಗಳೂ ಇಲ್ಲ. ಮಾರಪ್ಪ ಊರು ಬಿಟ್ಟು ಎಲ್ಲಿಗೆ ಹೋದನೆಂದು ಯಾರಿಗೂ ತಿಳಿಯದು. ನೀಲಾಂಬಿಕ ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ಎರಡು ದಿನ ಒದ್ದಾಡಿ ಕಡೆಗೆ ಹೇಳಿದಳು. ಹಾಲಮ್ಮ ಕೇಳಿಸಿಕೊಂಡು, "ಹೂಂ," ಎಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನೀಲಾಂಬಿಕ ಕಾಲಿಗೆ ಬಿದ್ದು ಅತ್ತುಬಿಡುತ್ತಿದ್ದಳು. ಅದಕ್ಕೂ ಅವಕಾಶ ಸಿಗಲಿಲ್ಲ.

ಹೊಸ ಅಳಿಯ ದೀಪಾವಳಿಗೆ ಬಂದ. ಸರ್ವಮಂಗಳೆ ಮೈ ತುಂಬಿಕೊಂಡಿದ್ದಳು, ನಗುನಗುತ್ತ ಓಡಾಡಿದಳು. ಹಬ್ಬ ಕಳೆದು ಸೋಮವಾರ ಬಂತು. ಹಾಲಮ್ಮ ಬೆಳಗಿನಿಂದ ಕಂಬಕ್ಕೊರಗಿ ಕೂತವಳು ಏಳಲಿಲ್ಲ. ಕಾದು ಕಾದು ನೀಲಾಂಬಿಕಳೇ ನುಚ್ಚು ತೊಳೆದು ಒಲೆಯ ಮೇಲಿಟ್ಟಳು, ಗಣಕೆ ಸೊಪ್ಪು ಹೆಚ್ಚಿದಳು. ಗಂಜಿ ಕುದಿದ ಮೇಲೆ ಮೊದಲ ಸೌಟನ್ನು ಬಟ್ಟಲಿಗೆ ಹಾಕಿ ಹಿತ್ತಲ ಕಟ್ಟೆಯ ಮೇಲಿಟ್ಟು ಬಂದಳು. ಅದನ್ನಾದರೂ ಅತ್ತೆ ನೋಡಲಿ ಎಂಬ ಆಸೆಯಿತ್ತು.

ಎಲ್ಲರೂ ಕೂತು ಉಂಡರು. ಸದಾಶಿವಪ್ಪ ತಲೆಯೆತ್ತದೆ ಸುರಿದು ಕುಡಿದು, "ಇನ್ನೊಂದು ಸೌಟು ಹಾಕು," ಎಂದ. ಅಳಿಯ ಬಾಯಿ ಚಪ್ಪರಿಸಿದ.

"ತುಂಬ ಚೆನ್ನಾಗಿದೆ ಅತ್ತೆ. ನಮ್ಮ ಕಡೆ ಇದನ್ನು ಮಾಡೋದಿಲ್ಲ. ಎಲ್ಲಿಂದ ಬಂದದ್ದು ಇದು? ಆ ಕಟ್ಟೆ ಮೇಲೆ ಇಟ್ಟಿರಲ್ಲ, ಅದು ಯಾರಿಗೆ?"

ಸರ್ವಮಂಗಳೆ ಬಗ್ಗಿಸಿದ ತಲೆ ಎತ್ತಲಿಲ್ಲ. ಸದಾಶಿವಪ್ಪನ ಕೈ ತಟ್ಟೆಯಲ್ಲೇ ನಿಂತಿತು. ನೀಲಾಂಬಿಕ ಸೌಟು ಹಿಡಿದು ನಿಂತಿದ್ದಳು. ಹೇಳಿಬಿಡಬೇಕು ಎಂದು ಅವಳ ಬಾಯಿಯ ತನಕ ಬಂತು. ಅಳಿಯನ ಮೆತ್ತಗಿನ ಮುಖ ನೋಡಿದಳು, ಮಗಳ ಕೊರಳು ನೋಡಿದಳು.

"ಯಾರಿಗೂ ಇಲ್ಲಪ್ಪ," ಎಂದಳು. "ಸುಮ್ಮನೆ, ಹಿಂದಿನಿಂದ ಬಂದ ಪದ್ಧತಿ."

ಹಾಲಮ್ಮ ತನ್ನ ಮುಂದಿದ್ದ ಗಂಜಿಯನ್ನು ಮುಟ್ಟಿರಲಿಲ್ಲ. ನೆಲಕ್ಕೆ ಕೈಯೂರಿ ಎದ್ದಳು. ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ಕಟ್ಟೆಯ ಮೇಲಿನ ಬಟ್ಟಲು ತೆಗೆದುಕೊಂಡು, ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು ಬಂದಳು. ಖಾಲಿ ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟಳು.

"ತೊಳೆದಿಡು ನೀಲಾ," ಎಂದಳು. "ಯಾರಿಗೂ ಇಲ್ಲದ್ದನ್ನ ಹೊರಗೆ ಯಾಕೆ ಇಡಬೇಕು."